ಎಬ್ಬಿಸುವ ಕೈ

ಡ್ರೈವರಣ್ಣನ ಮುಖಕ್ಕೆ ಮಾಸ್ಕ್ ಕೂರುತ್ತಿರಲಿಲ್ಲ. ನಮ್ಮ ಕಷ್ಟ ಶುರುವಾದದ್ದು ಅಲ್ಲಿಂದ.

ಅವರ ಬಲಗೆನ್ನೆಯಲ್ಲಿ ಕ್ಯಾನ್ಸರ್. ಮಂಗಳೂರಿನಲ್ಲಿ ಆಪರೇಷನ್ ಆಗಿ, ರೇಡಿಯೇಷನ್ ಮುಗಿದು, ಮತ್ತೆ ಅದೇ ಜಾಗದಲ್ಲಿ ಬಂದಿತ್ತು. ಇನ್ನು ಮಾಡುವಂಥದ್ದು ಏನೂ ಇಲ್ಲ, ಮನೆಯಲ್ಲಿ ನೋವಿಲ್ಲದ ಹಾಗೆ ನೋಡಿಕೊಳ್ಳಿ ಎಂದು ಅಲ್ಲಿಂದ ಕಳುಹಿಸಿದ್ದರು. ಹಾಗೆ ಕಳುಹಿಸಿದವರೆಲ್ಲ ನನ್ನ ಪಾಲಿಗೆ ಬರುತ್ತಾರೆ. ನಾನು ಕಾಸರಗೋಡು ತಾಲೂಕಿನ ಒಂದು ಪಂಚಾಯತಿನ ಪಾಲಿಯೇಟಿವ್ ನರ್ಸ್. ಮನೆ ಮನೆಗೆ ಹೋಗಿ ಹುಣ್ಣು ತೊಳೆಯುವುದು, ಟ್ಯೂಬ್ ಬದಲಾಯಿಸುವುದು, ನೋವಿನ ಮದ್ದು ಹಿಡಿಯುತ್ತದೆಯೇ ಎಂದು ನೋಡಿ ಡಾಕ್ಟರಿಗೆ ತಿಳಿಸುವುದು ನನ್ನ ಕೆಲಸ. ಜನ ನನ್ನನ್ನು ದೇವರಂಥವಳು ಎನ್ನುವುದುಂಟು. ಹಾಗೆ ಹೇಳುವವರು ನಾನು ಸಿಟ್ಟಿನಲ್ಲಿ ಬೈಯುವುದನ್ನು ಕೇಳಿದವರಲ್ಲ.

ನೆಕ್ರಾಜೆ ಕಡೆಯ ಗುಡ್ಡದ ಮೇಲಿನ ಅವರ ಮನೆಗೆ ನಮ್ಮ ಜೀಪು ಹೋಗುತ್ತಿರಲಿಲ್ಲ. ರಸ್ತೆಯಲ್ಲಿ ಇಳಿದು, ಗೇರುಮರಗಳ ನಡುವೆ ಕೆಂಪುಕಲ್ಲಿನ ಮೆಟ್ಟಿಲು ಹತ್ತಬೇಕು. ಮೊದಲ ಸಲ ಏದುಸಿರು ಬಿಡುತ್ತಾ ಅಂಗಳಕ್ಕೆ ಕಾಲಿಟ್ಟಾಗ ಡ್ರೈವರಣ್ಣ ಚಾವಡಿಯಲ್ಲಿ ಕುರ್ಚಿಗೆ ಒರಗಿ ನಿದ್ದೆ ಹೋಗಿದ್ದರು. ದಪ್ಪ ಕುತ್ತಿಗೆಯ ದೊಡ್ಡ ಆಳು. ಕಾಯಿಲೆ ಅವರ ಮುಖವನ್ನು ತಿಂದಿತ್ತು, ಮೈಯನ್ನು ಇನ್ನೂ ಮುಟ್ಟಿರಲಿಲ್ಲ. ಅವರ ಹೆಂಡತಿ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಬಲಗೈಯನ್ನು ಗಂಡನ ಎದೆಯ ಮೇಲೆ ಇಟ್ಟುಕೊಂಡಿದ್ದರು. ನನ್ನೊಡನೆ ಮಾತಾಡುತ್ತಿದ್ದ ಹಾಗೆಯೇ ಆ ಕೈ ನಡುನಡುವೆ ಎರಡು ಸಲ ತಟ್ಟುತ್ತಿತ್ತು. ತಟ್ಟಿದೊಡನೆ ಡ್ರೈವರಣ್ಣ ದೊಡ್ಡ ಗೊರಕೆಯೊಂದಿಗೆ ಉಸಿರೆಳೆದುಕೊಂಡು ಮತ್ತೆ ಮಲಗುತ್ತಿದ್ದರು.

"ಇದೆಂತ ಅಕ್ಕ, ಮಲಗಿದವರನ್ನು ತಟ್ಟುವುದು?" ಎಂದು ಕೇಳಿದೆ.

"ಇವರಿಗೆ ನಿದ್ದೆಯಲ್ಲಿ ಉಸಿರು ನಿಲ್ತದೆ ಸಿಸ್ಟರ್. ಮದುವೆಯಾದ ಲಾಗಾಯ್ತು ಉಂಟು. ಆಮೇಲೆ ಮಿಷನ್ ಬಂತು. ಈಗ ಅದು ಕೂರುದಿಲ್ಲ, ಪುನಃ ನನ್ನ ಕೈಯೇ."

ಇದು ಸ್ಲೀಪ್ ಆಪ್ನಿಯ. ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಎದೆ ಏಳುತ್ತದೆ, ಹೊಟ್ಟೆ ಏಳುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯತೊಡಗಿದಾಗ ಮಿದುಳು ಗಾಬರಿಯಾಗಿ ಒಂದು ಕ್ಷಣ ಮನುಷ್ಯನನ್ನು ಎಬ್ಬಿಸುತ್ತದೆ. ಎದ್ದದ್ದು ಅವನ ನೆನಪಿನಲ್ಲೂ ಇರುವುದಿಲ್ಲ. ಗಂಟಲು ತೆರೆದು ಗಾಳಿ ನುಗ್ಗುತ್ತದೆ, ಮತ್ತೆ ನಿದ್ದೆ, ಮತ್ತೆ ತಡೆ. ರಾತ್ರಿಯಿಡೀ ಹೀಗೆ ನಡೆದು ಹಗಲು ತೂಕಡಿಕೆ. ಡ್ರೈವರಣ್ಣ ಕಾಸರಗೋಡಿನಿಂದ ಕರ್ನಾಟಕದ ಗಡಿಯವರೆಗೆ ಪ್ರೈವೇಟ್ ಬಸ್ಸು ಓಡಿಸುತ್ತಿದ್ದವರು. ಒಂದು ದಿನ ತಿರುವಿನಲ್ಲಿ ಕಣ್ಣು ಮುಚ್ಚಿದ್ದು ತನಗೇ ಗೊತ್ತಾಗಿ, ಬಸ್ಸನ್ನು ಬದಿಗೆ ನಿಲ್ಲಿಸಿ ಕಂಡಕ್ಟರನ ಕೈಗೆ ಕೀಲಿ ಕೊಟ್ಟು ಇಳಿದಿದ್ದರಂತೆ. ಆ ಮೇಲೆ ಮಂಗಳೂರಿನಲ್ಲಿ ಪರೀಕ್ಷೆಯಾಗಿ ಯಂತ್ರ ಬಂದದ್ದು. ಅದು ಮಾಸ್ಕಿನ ಮೂಲಕ ಒತ್ತಡದಲ್ಲಿ ಗಾಳಿ ಬಿಟ್ಟು ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ.

ಮಾಸ್ಕ್ ಬಿಗಿಯಾಗಿ ಕೂರಲು ಮುಖ ಇಡಿಯಾಗಿ ಇರಬೇಕು. ಡ್ರೈವರಣ್ಣನ ಕೆನ್ನೆಯಲ್ಲಿ ಹುಣ್ಣು ಒಡೆದು ಬಾಯಿಯವರೆಗೆ ತೂತಾಗಿತ್ತು. ನಾನು ಗಾಜ್ ಬಟ್ಟೆ ಮಡಚಿ ಅಂಚಿಗೆ ಇಟ್ಟೆ, ಪಟ್ಟಿ ಬದಲಾಯಿಸಿ ನೋಡಿದೆ. ಗಾಳಿ ಪುಸ್ಸೆಂದು ಹೊರಗೆ ಹೋಗುತ್ತಿತ್ತು, ಹುಣ್ಣು ಉಜ್ಜಿ ರಕ್ತ ಬರುತ್ತಿತ್ತು. ಮೂಗಿಗೆ ಮಾತ್ರ ಹಾಕುವ ಸಣ್ಣ ಮಾಸ್ಕ್ ತರಿಸಿದೆವು. ಗಾಳಿ ಮೂಗಿನಿಂದ ಒಳಗೆ ಹೋಗಿ ಕೆನ್ನೆಯಿಂದ ಹೊರಗೆ ಬಂತು. ಡ್ರೈವರಣ್ಣ ಅದನ್ನು ಕಿತ್ತು ಬದಿಗಿಟ್ಟು ಏನೋ ಹೇಳಿದರು. ಅವರ ಮಾತು ನನಗೆ ಒಂದು ಅಕ್ಷರವೂ ಅರ್ಥವಾಗುತ್ತಿರಲಿಲ್ಲ. ತುಳು ನನಗೆ ಚೆನ್ನಾಗಿ ಬರುತ್ತದೆ, ಆದರೆ ಆಪರೇಷನ್ನಿನಲ್ಲಿ ಅರ್ಧ ಕಳೆದ ನಾಲಗೆಯ, ತುಟಿ ಸೇರದ ಆ ತುಳು ಅಕ್ಕನಿಗೆ ಮಾತ್ರ ತಿಳಿಯುತ್ತಿತ್ತು.

"ಟಯರ್ ಪಂಚರ್ ಆದ ಮೇಲೆ ಗಾಳಿ ಹೊಡೆದು ಎಂತ ಪ್ರಯೋಜನ ಅಂತ ಕೇಳ್ತಾರೆ," ಎಂದರು ಅಕ್ಕ. ಡ್ರೈವರಣ್ಣನ ಕಣ್ಣು ನಗುತ್ತಿತ್ತು. ನಾನೂ ನಕ್ಕೆ. ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲೆ ಇಟ್ಟರು.

ಆರೋಗ್ಯ ಕೇಂದ್ರದ ಡಾಕ್ಟರ್ ಕೇರಳದ ತೆಂಕಣ ಜಿಲ್ಲೆಯವರು, ಇಲ್ಲಿಗೆ ಬಂದು ಕನ್ನಡ ಕಲಿತವರು. ಅವರು ಡ್ರೈವರಣ್ಣನ ಮದ್ದುಗಳನ್ನು ಒಂದೊಂದಾಗಿ ನೋಡಿ, ಮಂಗಳೂರಿನ ಆಸ್ಪತ್ರೆಯಿಂದ ಕೊಟ್ಟಿದ್ದ ನಿದ್ದೆ ಗುಳಿಗೆಯನ್ನು ಮೊದಲು ತೆಗೆಸಿದರು.

"ಈ ಕಾಯಿಲೆಯವರಿಗೆ ಎಚ್ಚರ ಆಗುವುದೇ ಮದ್ದು ಸಿಸ್ಟರ್. ನಿದ್ದೆ ಗುಳಿಗೆ ಗಂಟಲನ್ನೂ ಸಡಿಲ ಮಾಡ್ತದೆ, ಎಬ್ಬಿಸುವ ಮಿದುಳನ್ನೂ ಮಂಕು ಮಾಡ್ತದೆ. ಎರಡೂ ಕಡೆಯಿಂದ ಪೆಟ್ಟು."

ಹಾಗೆಂದು ನೋವಿಗೆ ಮಾರ್ಫಿನ್ ಕೊಡದೆ ಇರಲು ಸಾಧ್ಯವಿರಲಿಲ್ಲ. ಬೇರೆ ಯಾವುದಕ್ಕೂ ಬಗ್ಗುವ ನೋವು ಅದಲ್ಲ. ಮಾರ್ಫಿನ್ ಕೂಡ ಉಸಿರನ್ನು ನಿಧಾನ ಮಾಡುವ, ಎಚ್ಚರವನ್ನು ತಡಮಾಡುವ ಮದ್ದೇ. ಸಾಮಾನ್ಯವಾಗಿ ನಾವು ಅದನ್ನು ನಾಲ್ಕು ಗಂಟೆಗೊಮ್ಮೆ ಕೊಟ್ಟು, ಮಲಗುವಾಗ ಮಾತ್ರ ಎರಡರಷ್ಟು ಕೊಡುತ್ತೇವೆ, ನಡುರಾತ್ರಿ ರೋಗಿಯನ್ನು ಎಬ್ಬಿಸುವುದು ಬೇಡವೆಂದು. ಡ್ರೈವರಣ್ಣನಿಗೆ ಆ ಎರಡರಷ್ಟು ಬೇಡ ಎಂದು ಡಾಕ್ಟರ್ ತೀರ್ಮಾನಿಸಿದರು. ಅತಿ ಸಣ್ಣ ಪ್ರಮಾಣ, ಗುಳಿಗೆಯ ಒಂದು ಚೂರು, ಹೊತ್ತಿಗೆ ಸರಿಯಾಗಿ, ರಾತ್ರಿಯ ಪಾಲನ್ನು ಎಬ್ಬಿಸಿಯೇ ಕೊಡುವುದು. ಅಂಗಾತ ಮಲಗಿಸಬಾರದು, ಬೆನ್ನಿಗೆ ದಿಂಬುಗಳ ರಾಶಿ ಕೊಟ್ಟು ಎಡಮಗ್ಗುಲಿಗೆ ಅರ್ಧ ಕೂರಿಸಿದ ಹಾಗೆ ಮಲಗಿಸುವುದು. ಅಕ್ಕ ಎಲ್ಲದಕ್ಕೂ ತಲೆಯಾಡಿಸಿ, ಕೊನೆಗೆ ಒಂದೇ ಮಾತು ಕೇಳಿದರು.

"ನನ್ನ ಕೈಯಡಿಯಲ್ಲಿ ಇವರ ಉಸಿರು ಹೋಗಬಾರದು ಸಿಸ್ಟರ್. ಅಷ್ಟು ಆದ್ರೆ ಸಾಕು ನನಗೆ."

ಮೊದಲ ಕೆಲವು ದಿನ ಸರಿಯಾಗಿಯೇ ಸಾಗಿತು. ಡ್ರೈವರಣ್ಣ ಗಂಜಿ ಕುಡಿದರು, ಹುಣ್ಣು ತೊಳೆಯುವಾಗ ಮೊದಲಿನ ಹಾಗೆ ಮಂಚ ಹಿಡಿದು ನಡುಗಲಿಲ್ಲ. ಅಕ್ಕನ ತಮ್ಮ ಗಲ್ಫಿನಿಂದ ರಜೆಯಲ್ಲಿ ಬಂದಿದ್ದ. ಬಾಯಿ ಜೋರು, ಮನಸ್ಸು ಒಳ್ಳೆಯದು. ಭಾವನನ್ನು ಎತ್ತಿ ಕೂರಿಸುವುದು, ಸ್ನಾನ ಮಾಡಿಸುವುದು ಎಲ್ಲ ಅವನೇ.

ಒಂದು ಬೆಳಿಗ್ಗೆ ಹೋದಾಗ ಅಕ್ಕನ ಮುಖದಲ್ಲಿ ನಾನು ಅದುವರೆಗೆ ಕಾಣದ ಗೆಲುವು ಇತ್ತು. ಕೇಳುವ ಮೊದಲೇ ಹೇಳಿದರು: "ನಿನ್ನೆ ಒಳ್ಳೆ ನಿದ್ದೆ ಸಿಸ್ಟರ್! ಒಂದು ಸಲ ಕೂಡ ಹೌಹಾರಿ ಏಳ್ಲಿಲ್ಲ. ಈಗಲೂ ಮಲಗಿದ್ದಾರೆ ನೋಡಿ."

"ನೀವು ತಟ್ಟಿದ್ರಾ?"

"ತಟ್ಟಿದೆ. ತಟ್ಟಿದ್ರೂ ಬೇಗ ಏಳುದಿಲ್ಲ. ಅಷ್ಟು ದಿನದ ಆಯಾಸ ಅಲ್ವಾ?"

ಚಪ್ಪಲಿ ಕಳಚುವುದನ್ನೂ ಮರೆತು ಒಳಗೆ ಓಡಿದೆ. ಡ್ರೈವರಣ್ಣನ ಎದೆ ಅಲುಗುತ್ತಿರಲಿಲ್ಲ. ನೋಡುತ್ತಾ ನಿಂತೆ, ಇನ್ನೂ ಅಲುಗಲಿಲ್ಲ. ಬಳಿಕ ಗಂಟಲಿನಲ್ಲಿ ಒಂದು ಸಣ್ಣ ಸದ್ದಾಗಿ ಸ್ವಲ್ಪ ಗಾಳಿ ಹೋಯಿತು. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದೆ. ಆ ಯಂತ್ರದ್ದು ಯಾವಾಗಲೂ ತಡವಾದ ಸುದ್ದಿ. ಉಸಿರು ಮರಳಿದ ಮೇಲೂ ಕೆಲವು ಕ್ಷಣ ಅಂಕಿ ಇಳಿಯುತ್ತಲೇ ಇರುತ್ತದೆ. ಅದು ಅಷ್ಟು ಆಳಕ್ಕೆ ಇಳಿದದ್ದನ್ನು ನಾನು ಆ ಮನೆಯಲ್ಲಿ ಕಂಡಿರಲಿಲ್ಲ. ಕಣ್ಣರೆಪ್ಪೆ ಎತ್ತಿದರೆ ಕಣ್ಣ ಪಾಪೆ ಸಾಸಿವೆಯಷ್ಟಾಗಿತ್ತು. ಅದು ಮಾರ್ಫಿನ್ ಹೆಚ್ಚಾದ ಗುರುತು.

ಎದೆಮೂಳೆಯನ್ನು ಮುಷ್ಟಿಯ ಗೆಣ್ಣಿನಿಂದ ಉಜ್ಜಿ, "ಡ್ರೈವರಣ್ಣಾ!" ಎಂದು ಕಿರುಚಿದೆ. ಕಣ್ಣು ಬಿಟ್ಟರು, ಮುಚ್ಚಿದರು. ತಮ್ಮನನ್ನು ಕರೆದು ಅವರನ್ನು ನೇರ ಕೂರಿಸಿ ಡಾಕ್ಟರಿಗೆ ಫೋನ್ ಮಾಡಿದೆ.

"ಕರೆದರೆ ಎಚ್ಚರ ಆಗ್ತದಾ?"

"ಆಗ್ತದೆ, ಸರ್. ನಿಲ್ಲುದಿಲ್ಲ."

"ಹಾಗಾದರೆ ಮುಂದಿನ ಡೋಸ್ ಕೊಡಬೇಡಿ. ಮದ್ದು ಇಳಿಯುವವರೆಗೆ ಮಲಗಲಿಕ್ಕೆ ಬಿಡಬೇಡಿ. ಕರೆದಾಗ ಕಣ್ಣು ತೆರೆಯದಿದ್ದರೆ ಆ ಕ್ಷಣ ಆಸ್ಪತ್ರೆಗೆ."

ಮಲಗಲಿಕ್ಕೆ ಬಿಡದಿರುವುದು ಹೇಗೆ? ಒದ್ದೆ ಬಟ್ಟೆಯಲ್ಲಿ ಕುತ್ತಿಗೆ ಒರೆಸಿದೆವು, ಅಂಗಾಲು ಉಜ್ಜಿದೆವು. ಕೊನೆಗೆ ನಾನು ಬಸ್ಸಿನ ದಾರಿ ಹಿಡಿದೆ. "ಡ್ರೈವರಣ್ಣ, ಕಾಸರಗೋಡಿನಿಂದ ಹೊರಟೆವು. ಚೆರ್ಕಳ ಆಯ್ತು. ಆಮೇಲೆ ಮುಳ್ಳೇರಿಯ ಅಲ್ವಾ?" ಕಣ್ಣು ತೆರೆಯಿತು. ಹುಬ್ಬು ಗಂಟಿಕ್ಕಿತು. ಏನೋ ಗುರುಗುಟ್ಟಿದರು.

"ಬೋವಿಕ್ಕಾನ ಎಲ್ಲಿಗೆ ಹೋಯ್ತು ಅಂತ ಕೇಳ್ತಾರೆ," ಎಂದರು ಅಕ್ಕ.

ಹೀಗೆ ಆ ಬೆಳಿಗ್ಗೆ ನಾವು ಗಡಿಯವರೆಗೆ ಹೋಗಿ ಬಂದೆವು, ಪುನಃ ಹೋದೆವು. ನಾನು ಬೇಕೆಂದೇ ಸ್ಟಾಪ್ ಬಿಡುತ್ತಿದ್ದೆ, ಅವರು ಸಿಟ್ಟಿನಿಂದ ಸರಿಪಡಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಉಸಿರು ತುಂಬಿ ಬಂತು. ಜೊತೆಗೆ ನೋವೂ ಬಂತು.

ನಾನು ಹೊರಡುವಾಗ ತಮ್ಮ ಮೆಟ್ಟಿಲವರೆಗೆ ಬಂದ. "ಬೇಸರ ಮಾಡ್ಬೇಡಿ ಸಿಸ್ಟರ್. ಆ ಮಾರ್ಫಿನ್ ಗುಳಿಗೆ ಇನ್ನು ಭಾವನಿಗೆ ಕೊಡುದಿಲ್ಲ. ಅದು ಮದ್ದಲ್ಲ, ವಿಷ." ಎಷ್ಟು ಹೇಳಿದರೂ ಕೇಳಲಿಲ್ಲ. ಕಣ್ಣೆದುರಿಗೆ ಕಂಡದ್ದನ್ನು ನಾನು ಅಲ್ಲಗಳೆಯುವುದಾದರೂ ಹೇಗೆ? ನನಗೇ ಒಳಗೊಳಗೆ ಅರ್ಥವಾಗದ ವಿಷಯ ಒಂದಿತ್ತು. ಪ್ರಮಾಣ ಬದಲಾಗಿರಲಿಲ್ಲ. ಅಷ್ಟೂ ದಿನ ಹಿಡಿದ ಸಣ್ಣ ಚೂರು ಒಂದೇ ರಾತ್ರಿಯಲ್ಲಿ ಅಷ್ಟು ದೊಡ್ಡದಾದದ್ದು ಹೇಗೆ?

ಎರಡು ದಿನ ಬಿಟ್ಟು ಹೋದಾಗ ಡ್ರೈವರಣ್ಣ ನಿಂತಿದ್ದರು. ಹಣೆಯನ್ನು ಗೋಡೆಗೆ ಒತ್ತಿ, ಎರಡೂ ಅಂಗೈ ಗೋಡೆಗೆ ಊರಿ ನಿಂತಿದ್ದರು. ಕೂರಲಾಗದು, ಮಲಗಲಾಗದು, ನುಂಗಲಾಗದು. ಹಿಂದಿನಿಂದ ನೋಡಿದರೆ ಕೆಟ್ಟು ನಿಂತ ಬಸ್ಸನ್ನು ಒಬ್ಬರೇ ತಳ್ಳುತ್ತಿರುವ ಹಾಗೆ ಕಾಣುತ್ತಿತ್ತು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು. ನನಗೆ ಆ ತಮ್ಮನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

"ಇದನ್ನು ನೋಡ್ಲಿಕ್ಕೆ ಆಗ್ತದಾ ನಿಮಗೆ? ಬೇರೆ ಎಂತ ಕೊಟ್ಟಿದ್ರಿ ಆ ದಿವಸ, ನಿಜ ಹೇಳಿ."

"ದೇವರಾಣೆ ಬೇರೆ ಮದ್ದು ಕೊಡ್ಲಿಲ್ಲ ಮಾರಾಯ್ರೆ," ಎಂದ. ಅವನಿಗೆ ಶೀತವಾಗಿತ್ತು. ಮೂಗೊರೆಸುತ್ತಾ ಫ್ರಿಜ್ಜಿನ ಮೇಲಿದ್ದ ಬಿಸ್ಕತ್ತಿನ ಡಬ್ಬಿಯಿಂದ ಗುಳಿಗೆಯ ಪಟ್ಟಿಯೊಂದನ್ನು ತೆಗೆದು ಒಂದು ಬಾಯಿಗೆ ಹಾಕಿಕೊಂಡ. ಪಟ್ಟಿಯ ಮೇಲೆ ಅರಬಿ ಅಕ್ಷರ. ನಾನು ನೋಡುತ್ತಿದ್ದುದನ್ನು ಕಂಡು ಮರ್ಯಾದೆಗೆ ನನ್ನ ಕಡೆಗೂ ಚಾಚಿದ. "ಬೇಕಾ ಸಿಸ್ಟರ್? ಗಲ್ಫಿನದ್ದು. ಶೀತಕ್ಕೆ ಇದರಷ್ಟು ಒಳ್ಳೆದು ಇಲ್ಲಿ ಸಿಗುದಿಲ್ಲ."

"ಇದನ್ನು ಭಾವನಿಗೆ ಕೊಟ್ಟಿದ್ರಾ?"

"ಹೌದು. ಜೊಲ್ಲು ಸುರೀತಿತ್ತಲ್ಲ, ನಿದ್ದೆಯೂ ಇರ್ಲಿಲ್ಲ. ಡಾಕ್ಟ್ರು ನಿದ್ದೆ ಗುಳಿಗೆ ನಿಲ್ಲಿಸಿದ್ರು. ಇದು ಶೀತದ್ದು, ಸ್ವಲ್ಪ ಕಣ್ಣು ಎಳೀತದೆ ಅಷ್ಟೆ. ರಾತ್ರಿಗೆ ಎರಡು ಕೊಟ್ಟೆ." ಅವನ ಮುಖ ಮೆಲ್ಲಗೆ ಬದಲಾಯಿತು. "ಇದು ಮದ್ದಾ?"

ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನಮ್ಮ ಊರಿನಲ್ಲಿ ಅದನ್ನು ಮದ್ದು ಎಂದು ಲೆಕ್ಕಕ್ಕೆ ಹಿಡಿಯುವವರು ಯಾರು? ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲಿ ಸಾಬೂನು, ಹಾಲಿನ ಪುಡಿ, ನೋವಿನ ಎಣ್ಣೆಯ ಜೊತೆಗೆ ಅದೂ ಬರುತ್ತದೆ, ನೆರೆಮನೆಗೂ ಎರಡು ಪಟ್ಟಿ ಹೋಗುತ್ತದೆ. ನನ್ನ ಮನೆಯ ಡಬ್ಬಿಯಲ್ಲೂ ನನ್ನ ನಾದಿನಿ ಕೊಟ್ಟದ್ದು ಇದೆ. ಪಟ್ಟಿಯ ಹಿಂದೆ ಇಂಗ್ಲಿಷಿನಲ್ಲಿದ್ದ ಹೆಸರು ಓದಿದೆ. ಮಂಪರು ತರಿಸುವ ಹಳೆಯ ಜಾತಿಯ ಅಲರ್ಜಿ ಮದ್ದು. ಫೋಟೋ ತೆಗೆದು ಡಾಕ್ಟರಿಗೆ ಕಳುಹಿಸಿದೆ. ಮರುಕ್ಷಣ ಫೋನ್ ಬಂತು. "ಇದೇ ಸಿಸ್ಟರ್. ಮಾರ್ಫಿನ್ ಒಂದೇ ಆಗಿದ್ದರೆ ಅವರ ಮಿದುಳು ಎಬ್ಬಿಸುತ್ತಿತ್ತು. ಇದು ಸೇರಿ ಆ ಬಾಗಿಲನ್ನೂ ಮುಚ್ಚಿತು."

ಅಂದಿನಿಂದ ನಾನು ಯಾವ ಮನೆಗೆ ಹೋದರೂ ಬೇರೆ ಮದ್ದು ಇದೆಯಾ ಎಂದು ಮಾತ್ರ ಕೇಳಿ ಸುಮ್ಮನಾಗುವುದಿಲ್ಲ. ಶೀತ ಆದರೆ ಏನು ತಿನ್ನುತ್ತೀರಿ, ಮೈಕೈ ನೋವಿಗೆ ಏನು, ಗಲ್ಫಿನಿಂದ ಯಾರು ಬಂದಿದ್ದಾರೆ ಎಂದೂ ಕೇಳುತ್ತೇನೆ.

ತಮ್ಮ ಆ ಡಬ್ಬಿಯನ್ನು ತೆಗೆದುಕೊಂಡು ಹೊರಗೆ ಹೋದವನು ಬಹಳ ಹೊತ್ತು ಒಳಗೆ ಬರಲಿಲ್ಲ. ಅಕ್ಕನೇ ಮಾರ್ಫಿನ್ ಚೂರನ್ನು ನೀರಿನಲ್ಲಿ ಕರಗಿಸಿ ಗಂಡನ ಎಡಗೆನ್ನೆಯೊಳಗೆ ಬಿಟ್ಟರು. ಗೋಡೆಗೆ ಊರಿದ ಅಂಗೈ ಸಡಿಲವಾಗುವವರೆಗೆ ನಾನು ಅಲ್ಲೇ ಇದ್ದೆ.

ಅಲ್ಲಿಂದ ಸ್ವಲ್ಪ ಕಾಲ ನೆಮ್ಮದಿಯದು. ಡ್ರೈವರಣ್ಣ ಸಂಜೆ ಅಂಗಳದಲ್ಲಿ ಕೂತು, ಕೆಳಗಿನ ರಸ್ತೆಯಲ್ಲಿ ಹೋಗುವ ಬಸ್ಸಿನ ಸದ್ದು ಕೇಳಿ ಗೇರ್ ಬದಲಾಯಿಸಿದ್ದು ತಪ್ಪೆಂದು ಚಾಲಕನಿಗೆ ಬೈಯುತ್ತಿದ್ದರಂತೆ. ಆದರೆ ಗಡ್ಡೆ ಬೆಳೆಯುತ್ತಿತ್ತು. ಕಿವಿಯ ಹಿಂದಕ್ಕೆ ಹೋಯಿತು, ಕುತ್ತಿಗೆಗೆ ಇಳಿಯಿತು. ನೋವು ಏರಿದ ಹಾಗೆ ಮದ್ದು ಏರಿಸಬೇಕಾಯಿತು. ಮದ್ದು ಏರಿದ ಹಾಗೆ ನಿದ್ದೆಯಲ್ಲಿನ ತಡೆಗಳು ಉದ್ದವಾದವು. ಮೊದಲು ಎರಡು ಸಲ ತಟ್ಟಿದರೆ ಏಳುತ್ತಿದ್ದವರನ್ನು ಈಗ ಭುಜ ಹಿಡಿದು ಅಲುಗಿಸಬೇಕು. ಹಾಗೆ ಎಬ್ಬಿಸಿದಾಗ ಗಾಳಿಯ ಜೊತೆಗೆ ನೋವೂ ಬರುತ್ತಿತ್ತು. ಅಕ್ಕ ಹಗಲೂ ಮಲಗಲಿಲ್ಲ, ರಾತ್ರಿಯೂ ಮಲಗಲಿಲ್ಲ. ಸರದಿ ತೆಗೆದುಕೊಳ್ಳುತ್ತೇನೆ ಎಂದು ತಮ್ಮ ಹೇಳಿದರೆ ಅಕ್ಕನಿಗೆ ನಂಬಿಕೆ ಇಲ್ಲ. ಒಂದು ದಿನ ಅನ್ನ ಬಸಿಯುವಾಗ ನಿಂತಲ್ಲೇ ತೂಕಡಿಸಿ ಗಂಜಿ ಮುಂಗೈಗೆ ಚೆಲ್ಲಿಕೊಂಡರು. ನಾನು ಅವರ ಸುಟ್ಟ ಕೈಗೆ ಮುಲಾಮು ಹಚ್ಚಿ ಬಟ್ಟೆ ಕಟ್ಟುತ್ತಿದ್ದಾಗ, ಇನ್ನೊಂದು ಕೈ ಗಂಡನ ಎದೆಯ ಮೇಲಿತ್ತು.

ನನ್ನ ಗಂಡನೂ ಗೊರಕೆ ಹೊಡೆಯುತ್ತಾನೆ. ಅದಕ್ಕೆ ನಾನು ದಿಂಬು ಎಸೆದದ್ದು ಬಿಟ್ಟರೆ ಬೇರೆ ಶುಶ್ರೂಷೆ ಮಾಡಿದವಳಲ್ಲ. ಅಕ್ಕನನ್ನು ನೋಡಿ ಮನೆಗೆ ಹೋದ ದಿನಗಳಲ್ಲಿ ಅವನ ಗೊರಕೆ ನಿಂತಾಗಲೆಲ್ಲ ನನಗೆ ಎಚ್ಚರವಾಗುತ್ತಿತ್ತು.

ಡಾಕ್ಟರನ್ನು ಮನೆಗೆ ಕರೆತಂದೆ. ಅವರು ಡ್ರೈವರಣ್ಣನ ಎದುರಿಗೆ ಕುರ್ಚಿ ಎಳೆದು ಕೂತು, ಮುಚ್ಚುಮರೆ ಇಲ್ಲದೆ ಹೇಳಿದರು. ಇನ್ನು ಈ ನೋವಿಗೆ ಸಾಕಾಗುವಷ್ಟು ಮದ್ದು ಕೊಟ್ಟರೆ ನಿದ್ದೆಯಲ್ಲಿ ಎಚ್ಚರವಾಗುವುದು ಕಷ್ಟ. ಎಚ್ಚರವಾಗುವಷ್ಟೇ ಮದ್ದು ಕೊಟ್ಟರೆ ನೋವು ಉಳಿಯುತ್ತದೆ. ಎರಡೂ ಸರಿಹೋಗುವ ಪ್ರಮಾಣ ಇಷ್ಟು ದಿನ ಇತ್ತು, ಈಗ ಇಲ್ಲ. "ನಾನು ನೋವಿಗೆ ಬೇಕಾದ್ದಕ್ಕಿಂತ ಒಂದು ಚೂರೂ ಹೆಚ್ಚು ಕೊಡುವವನಲ್ಲ. ಆದರೆ ನಿಮಗೆ ಹೇಗೆ ಬೇಕು ಅಂತ ನೀವೇ ಹೇಳಬೇಕು."

ಡ್ರೈವರಣ್ಣ ಏನೋ ಹೇಳಿದರು. ಉದ್ದದ ಮಾತು, ನಡುವೆ ನಿಂತು ನಿಂತು. ನಾವೆಲ್ಲ ಅಕ್ಕನ ಕಡೆಗೆ ತಿರುಗಿದೆವು.

"ನೀರು ಬೇಕಂತೆ," ಎಂದು ಅಕ್ಕ ಎದ್ದರು.

ಡ್ರೈವರಣ್ಣ ತಲೆ ಅಲ್ಲಾಡಿಸಿದರು. ಅಕ್ಕನ ಸೆರಗು ಹಿಡಿದು ಕೂರಿಸಿ ಪುನಃ ಅದನ್ನೇ ಹೇಳಿದರು.

"ಎಂತ ಹೇಳಿದ್ರು ಅಕ್ಕ?"

"ಎಂತ ಇಲ್ಲ ಸಿಸ್ಟರ್. ಏನೇನೋ ಹೇಳ್ತಾರೆ. ಮದ್ದಿನ ಅಮಲು."

ಅಮಲು ಇರಲಿಲ್ಲ. ಡ್ರೈವರಣ್ಣ ಮಂಚದ ಪಟ್ಟಿಗೆ ಅಂಗೈಯಿಂದ ಬಡಿದರು. ಮೂರನೆಯ ಸಲ ಹೇಳುವಾಗ ಅವರ ಕಣ್ಣಲ್ಲಿ ನೀರು ಬಂದಿತ್ತು. ಆ ಕೋಣೆಯಲ್ಲಿ ಅವರ ಮಾತು ತಿಳಿಯುವುದು ಒಬ್ಬರಿಗೇ, ಆ ಒಬ್ಬರು ತಲೆ ತಗ್ಗಿಸಿ ಕೂತಿದ್ದರು. ಡಾಕ್ಟರ್ ನನ್ನನ್ನು ನೋಡಿದರು. ನಾನು ಅಕ್ಕನ ಪಕ್ಕಕ್ಕೆ ಹೋಗಿ ಕೂತೆ. "ಹೇಳಿ ಅಕ್ಕ. ನೀವು ಹೇಳದಿದ್ರೆ ಅವರದ್ದು ಅವರಲ್ಲೇ ಉಳೀತದೆ," ಎಂದೆ. ಅಷ್ಟು ಹೇಳಲು ನನಗೆ ಬಹಳ ಕಷ್ಟವಾಯಿತು.

ಅಕ್ಕ ನೆಲ ನೋಡುತ್ತಲೇ ಹೇಳಿದರು. "ಇನ್ನು ತಟ್ಟುವುದು ಬೇಡವಂತೆ. ಪ್ರತಿ ಸಲ ಎಬ್ಬಿಸಿದಾಗ ನೋವು ಹೊಸತಾಗಿ ಸುರು ಆಗ್ತದಂತೆ. ನನ್ನ ಕೈ ಕಂಡ್ರೆ ಈಗ ಹೆದರಿಕೆ ಆಗ್ತದಂತೆ ಇವರಿಗೆ." ಗಂಡನ ಹೊದಿಕೆಯನ್ನು ಸರಿಮಾಡಿದರು. "ನೋವು ಹೋಗುವಷ್ಟು ಮದ್ದು ಬೇಕಂತೆ. ನಾನು ಮಲಗಬೇಕಂತೆ."

ಬಾಗಿಲ ಬಳಿ ನಿಂತಿದ್ದ ತಮ್ಮ ಸಿಡಿದ. "ಅಂದ್ರೆ ಎಂತ? ಸಾಯ್ಲಿ ಅಂತ ಬಿಡುದಾ? ಕೈಯಿಂದ ತಟ್ಟಿದ್ರೆ ಉಸಿರಾಡುವ ಮನುಷ್ಯ ಅವರು!"

ಡಾಕ್ಟರ್ ಬಾಯಿ ತೆರೆಯುವ ಮೊದಲು ನಾನೇ ಹೇಳಿದೆ. ಅದು ನನ್ನ ತೀರ್ಮಾನವೂ ಆಗಬೇಕಿತ್ತು. ಮುಂದೆಯೂ ಆ ಮನೆಗೆ ಹೋಗಬೇಕಾದವಳು ನಾನು. "ಅವರನ್ನು ಕೊಲ್ಲುತ್ತಿರುವುದು ಗಡ್ಡೆ. ನಾವು ಎಬ್ಬಿಸಿದ್ರೆ ಗಡ್ಡೆ ಹೋಗುದಿಲ್ಲ. ಇಷ್ಟು ವರ್ಷ ಎಬ್ಬಿಸಿದ್ದು ಅವರು ಬಸ್ಸು ಓಡಿಸ್ಲಿಕ್ಕೆ, ಊಟ ಮಾಡ್ಲಿಕ್ಕೆ, ನಿಮ್ಮ ಹತ್ರ ಮಾತಾಡ್ಲಿಕ್ಕೆ. ಈಗ ಎಂತಕ್ಕೆ ಎಬ್ಬಿಸುವುದು ಅಂತ ನೀವೇ ಹೇಳಿ." ಅವನು ಬಾಗಿಲು ಬಿಟ್ಟು ಬಂದು ಭಾವನ ಕಾಲ ಬುಡದಲ್ಲಿ ಕೂತ. ನಾನು ಹೇಳಿದ್ದು ಸರಿಯೆಂದು ಈಗಲೂ ನಂಬುತ್ತೇನೆ.

ಮದ್ದು ಏರಿತು. ನಿದ್ದೆ ಗುಳಿಗೆ ಇಲ್ಲ, ಮಂಪರಿನ ಬೇರೆ ಏನೂ ಇಲ್ಲ, ನೋವಿಗೆ ತಕ್ಕಷ್ಟು ಮಾರ್ಫಿನ್ ಮಾತ್ರ. ದಿಂಬಿಗೆ ಒರಗಿಸುವುದು, ಬಾಯಿ ಒರೆಸುವುದು, ಮಗ್ಗುಲು ಬದಲಾಯಿಸುವುದು ಎಲ್ಲ ಹಾಗೆಯೇ. ಅಕ್ಕನಿಗೆ ನಾನು ಕಲಿಸಬೇಕಾದದ್ದು ಒಂದೇ, ಕೈ ಇಟ್ಟುಕೊಂಡು ತಟ್ಟದೆ ಇರುವುದು. ನನ್ನ ಕೆಲಸದಲ್ಲಿ ಟ್ಯೂಬ್ ಹಾಕುವುದು ಕಲಿಸಿದ್ದೇನೆ, ಸೂಜಿ ಚುಚ್ಚುವುದು ಕಲಿಸಿದ್ದೇನೆ. ಇದರಷ್ಟು ಕಷ್ಟದ್ದು ಯಾವುದನ್ನೂ ಕಲಿಸಿಲ್ಲ. ಉಸಿರು ನಿಂತ ಕೂಡಲೇ ಅವರ ಬೆರಳುಗಳು ತಾವಾಗಿ ಏಳುತ್ತಿದ್ದವು. ನಾನು ಮೇಲಿಂದ ನನ್ನ ಕೈ ಇಡುತ್ತಿದ್ದೆ. ಇಬ್ಬರೂ ಕಾಯುತ್ತಿದ್ದೆವು. ಗಾಳಿ ತಾನಾಗಿ ಬರುತ್ತಿತ್ತು, ಸ್ವಲ್ಪ ತಡವಾಗಿ. ಅಕ್ಕ ಆಗ ತಾನೂ ಉಸಿರು ಬಿಡುತ್ತಿದ್ದರು.

ಎಚ್ಚರವಾದಾಗ ಡ್ರೈವರಣ್ಣನ ಹುಬ್ಬು ನೋವಿಗೆ ಗಂಟಿಕ್ಕುತ್ತಿರಲಿಲ್ಲ. ಹೆಂಡತಿಯ ಕೈಯನ್ನು ತಾವೇ ಹುಡುಕಿ ಎಳೆದುಕೊಳ್ಳುತ್ತಿದ್ದರು. ಅಂಥ ಕೆಲವು ದಿನಗಳು ಅವರಿಬ್ಬರಿಗೂ ಸಿಕ್ಕಿದವು.

ಒಂದು ಮಧ್ಯಾಹ್ನ ಡ್ರೆಸ್ಸಿಂಗ್ ಮುಗಿಸಿ ಕೈ ತೊಳೆಯುತ್ತಿದ್ದಾಗ ಅಕ್ಕ ಕರೆದರು. ಅವರ ಧ್ವನಿಯಲ್ಲಿ ಗಾಬರಿ ಇರಲಿಲ್ಲ. ಮಂಚದ ಬಳಿ ಹೋದೆ. ಉಸಿರು ನಿಂತಿತ್ತು. ಬಂತು. ಮತ್ತೆ ನಿಂತಿತು, ಈ ಸಲ ತುಂಬ ಹೊತ್ತು. ಅಕ್ಕನ ಕೈ ಎದೆಯ ಮೇಲೆ ಹಾಗೆಯೇ ಇತ್ತು, ಬೆರಳುಗಳು ಬಿಗಿದಿದ್ದವು.

"ಸಿಸ್ಟರ್, ಈಗ ಎಬ್ಬಿಸಿದ್ರೆ ಇವರಿಗೆ ಸಿಗುವುದು ನೋವೇ ಅಲ್ವಾ?"

"ಹೌದು ಅಕ್ಕ."

ಅವರು ಎಬ್ಬಿಸಲಿಲ್ಲ. ಇನ್ನೊಂದು ಸಣ್ಣ ಉಸಿರು ಬಂತು. ಆಮೇಲೆ ಬರಲಿಲ್ಲ. ಅದು ಗಡ್ಡೆಯಿಂದಲೋ, ಹಳೆಯ ಕಾಯಿಲೆಯಿಂದಲೋ, ನಾವು ಕೊಟ್ಟ ಮದ್ದಿನಿಂದಲೋ ಎಂದು ಯಾರಾದರೂ ಕೇಳಬಹುದು. ಮೂರೂ ಸೇರಿರಬಹುದು. ನೋವು ಮಾತ್ರ ಇರಲಿಲ್ಲ, ಅದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಸಾವಿನ ಮನೆಗೆ ಮತ್ತೊಮ್ಮೆ ಹೋಗಿ ಬರುವುದು ನಮ್ಮ ಕೆಲಸದ ಭಾಗ. ಕ್ರಿಯೆಗಳೆಲ್ಲ ಮುಗಿದ ಮೇಲೆ ಹೋದೆ. ತಮ್ಮ ಗಲ್ಫಿಗೆ ಹೊರಡುವ ತಯಾರಿಯಲ್ಲಿದ್ದ. ಅಕ್ಕ ಚಾವಡಿಯ ಕಂಬಕ್ಕೆ ಒರಗಿ ಕೂತಿದ್ದರು. ಸುಟ್ಟ ಕೈ ಒಣಗಿತ್ತು. ಬಿಪಿ ನೋಡಿದೆ, ಊಟ ಸೇರುತ್ತದಾ ಎಂದು ಕೇಳಿದೆ. ಬಳಿಕ ಎಲ್ಲ ಮನೆಗಳಲ್ಲಿ ಕೇಳುವ ಹಾಗೆ ನಿದ್ದೆಯ ಬಗ್ಗೆ ಕೇಳಿದೆ. ಇಲ್ಲ ಎನ್ನುತ್ತಾರೆ, ಸಮಾಧಾನ ಹೇಳಬೇಕು ಎಂದು ಮಾತು ಜೋಡಿಸಿಕೊಂಡೇ ಬಂದಿದ್ದೆ.

ಅಕ್ಕ ಮುಖ ತಿರುಗಿಸಿದರು. "ಬರ್ತದೆ ಸಿಸ್ಟರ್. ಇವರನ್ನು ಸುಟ್ಟು ಬಂದ ಆ ದಿವಸವೇ ಬಂತು. ಚಾಪೆಯಲ್ಲಿ ತಲೆ ಇಟ್ಟದ್ದು ಗೊತ್ತು, ಬೆಳಿಗ್ಗೆ ಬಿಸಿಲು ಮುಖಕ್ಕೆ ಬೀಳುವವರೆಗೆ ನನಗೆ ಎಚ್ಚರ ಇಲ್ಲ. ಮದುವೆಯಾದ ಮೇಲೆ ಅಂಥ ನಿದ್ದೆ ನಾನು ಮಾಡಿದವಳೇ ಅಲ್ಲ. ಮನೆ ತುಂಬ ಜನ ಅಳ್ತಿದ್ರು, ನಾನು ಮಲಗಿದ್ದೆ." ಸೆರಗಿನಿಂದ ಬಾಯಿ ಒತ್ತಿಕೊಂಡರು. "ಅವರು ಹೋದ ದಿವಸ ನನಗೆ ಹೇಗೆ ನಿದ್ದೆ ಬಂತು ಸಿಸ್ಟರ್?"

ದೇಹ ಎಷ್ಟು ದಣಿದಿರುತ್ತದೆ, ಬಾಕಿ ಉಳಿದ ನಿದ್ದೆಯನ್ನು ಹೇಗೆ ವಸೂಲು ಮಾಡುತ್ತದೆ ಎಂದೆಲ್ಲ ವಿವರಿಸಲು ನನಗೆ ಬರುತ್ತದೆ. ಅದನ್ನೆಲ್ಲ ಬದಿಗಿಟ್ಟೆ. ಬಿಪಿಯ ಪಟ್ಟಿಯನ್ನು ಅವರ ತೋಳಿನಿಂದ ಬಿಚ್ಚಿ, ಪಕ್ಕದಲ್ಲಿ ಕೂತು ನಾನೂ ಅತ್ತೆ.